ಸ್ಕೋಪಿನ ಆಚೆ ಈಚೆ

ಮುಂಬೈ ಹೊರವಲಯದಲ್ಲಿ, ಕಲ್ಯಾಣ್ ಮತ್ತು ಡೊಂಬಿವಲಿ ನಡುವಿನ ಶೂಟಿಂಗ್ ರೇಂಜಿನ ವರ್ಕ್‌ಶಾಪಿನಲ್ಲಿ ನನ್ನ ಜಾಗಕ್ಕೆ ಈಗ ಇಬ್ಬರು ಹೊಸಬರು ಬಂದಿದ್ದಾರೆ. ಒಳ್ಳೆಯವರೇ. ಆಗಾಗ ಫೋನು ಮಾಡಿ ಏನಾದರೊಂದು ಕೇಳುತ್ತಿರುತ್ತಾರೆ. ಕೇಳುವುದೆಲ್ಲ ಸ್ಕ್ರೂ ವಿಷಯ: ಎಷ್ಟು ಬಿಗಿ ಮಾಡಬೇಕು, ಯಾವ ರಿಂಗು ತರಿಸಬೇಕು, ಮೊದಲು ಯಾವ ಕಡೆಯದನ್ನು ತಿರುಗಿಸಬೇಕು. ಮನುಷ್ಯನ ವಿಷಯ ಇದುವರೆಗೆ ಒಬ್ಬರೂ ಕೇಳಿಲ್ಲ. ಅವರು ಕೇಳದಿದ್ದರೂ ನಾನು ಹೇಳಬೇಕಲ್ಲ ಎಂದು ಇದನ್ನು ಬರೆಯುತ್ತಿದ್ದೇನೆ. ಓದಿದರೆ ಖುಷಿಯಾಗುತ್ತದೆ ಎಂಬ ಭರವಸೆ ಕೊಡಲಾರೆ.

ರೈಫಲ್ಲಿನ ಮೇಲೆ ಸ್ಕೋಪ್ ಕೂರಿಸುವುದು ನನ್ನ ಕೆಲಸವಾಗಿತ್ತು. ಬೇರೆ ರಿಪೇರಿಯನ್ನೂ ಮಾಡುತ್ತಿದ್ದೆ, ಆದರೆ ಜನ ನನ್ನನ್ನು ಹುಡುಕಿಕೊಂಡು ಬರುತ್ತಿದ್ದದ್ದು ಇದಕ್ಕೇ. ಹೆಚ್ಚಿನವು ಕ್ರೀಡೆಯ ಏರ್ ರೈಫಲ್‌ಗಳು. ಸ್ಕೋಪ್ ಎಂದರೆ ರೈಫಲ್ಲಿನ ಬೆನ್ನ ಮೇಲೆ ಕೂರುವ ಸಣ್ಣ ದುರ್ಬೀನು. ರೈಫಲ್ಲಿನ ಮೇಲುಗಡೆ ಒಂದು ಪಟ್ಟಿ ಇರುತ್ತದೆ, ಪಟ್ಟಿಗೆ ಎರಡು ರಿಂಗು, ರಿಂಗಿನೊಳಗೆ ಸ್ಕೋಪ್. ಕಣ್ಣು ಸ್ಕೋಪಿನ ಹಿಂದೆ ಸರಿಯಾದ ದೂರದಲ್ಲಿದ್ದರೆ ಮಾತ್ರ ಬಿಂಬ ಪೂರ್ತಿ ದುಂಡಗೆ ಕಾಣುತ್ತದೆ. ದೂರ ಹೆಚ್ಚುಕಡಿಮೆಯಾದರೆ ಅಂಚಿನಿಂದ ಕಪ್ಪು ನುಗ್ಗುತ್ತದೆ. ನನಗೆ ಕೆಲಸ ಕಲಿಸಿದ ದಳವಿ ಮಿಸ್ತ್ರಿ ಆ ಕಪ್ಪಿಗೆ ಗ್ರಹಣ ಎನ್ನುತ್ತಿದ್ದರು. ಯಾರಾದರೂ ರೈಫಲ್ ಎತ್ತಿದ ಕೂಡಲೇ ಅವರ ಪ್ರಶ್ನೆ ಒಂದೇ: “ಗ್ರಹಣ ಸುಟಲಂ ಕಾ?” ಗ್ರಹಣ ಬಿಟ್ಟಿತೇ ಎಂದು. ಬಿಟ್ಟಿತು ಎಂದರೆ ಮುಂದಿನ ಮಾತು, ಇಲ್ಲವಾದರೆ ಮತ್ತೆ ರಿಂಗು ಸಡಿಲ.

ದಳವಿಯವರು ಅಂಬರನಾಥದ ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನನ್ನು ಕಂಡು, ನನ್ನ ಕೈ ಅವಸರದ್ದಲ್ಲ ಎನ್ನುವ ಒಂದೇ ಕಾರಣಕ್ಕೆ ಜೊತೆಗೆ ಕರೆದುಕೊಂಡು ಬಂದವರು. ಮಾತು ಕಡಿಮೆ, ಬೈಗುಳ ಜಾಸ್ತಿ. ಅವರ ಪದ್ಧತಿ ಈಗಿನವರಿಗೆ ಹಳೆಯದೆನ್ನಿಸಬಹುದು. ಶೂಟರ್ ಮೊದಲು ಕಣ್ಣು ಮುಚ್ಚಬೇಕು. ಮುಚ್ಚಿಕೊಂಡೇ ರೈಫಲ್ ಎತ್ತಿ, ಕೆನ್ನೆಯನ್ನು ರೈಫಲ್ಲಿನ ಹಿಂಬದಿಯ ಮರಕ್ಕೆ ಒರಗಿಸಿ, ಕುತ್ತಿಗೆಗೆ ಹಿತವಾದ ಕಡೆ ನಿಲ್ಲಬೇಕು. ಆಮೇಲೆ ನಾವು “ಕಣ್ಣು ಬಿಡಿ” ಎನ್ನಬೇಕು. ಕಣ್ಣು ಬಿಟ್ಟ ಕ್ಷಣ ಏನು ಕಂಡಿತೋ ಅದೇ ಸತ್ಯ. ಕಣ್ಣು ತೆರೆದೇ ಎತ್ತಿದರೆ ಮನುಷ್ಯ ಸುಳ್ಳು ಹೇಳುತ್ತಾನೆ, ಬೇಕೆಂದಲ್ಲ, ಕುತ್ತಿಗೆಯನ್ನು ಮುಂದೆ ಚಾಚಿ ಬಿಂಬವನ್ನು ಹುಡುಕಿಕೊಂಡು ಬಿಡುತ್ತಾನೆ. ಮನೆಗೆ ಹೋದ ಮೇಲೆ ನೋವು. ಸ್ಕೋಪ್ ಮನುಷ್ಯನ ಹತ್ತಿರ ಬರಬೇಕು, ಮನುಷ್ಯ ಸ್ಕೋಪಿನ ಹತ್ತಿರ ಹೋಗಬಾರದು ಎಂಬುದು ಅವರ ಲೆಕ್ಕ.

ಇನ್ನೊಂದು ವಿಷಯ. ಸಂಜೆ ಲೋಕಲ್ ರೈಲು ಇಳಿದು ನೇರ ಬಂದವರ ಅಳತೆ ತೆಗೆಯಬೇಡಿ. ಬ್ಯಾಗನ್ನು ಎದೆಗೆ ಹಾಕಿಕೊಂಡು, ಗದ್ದವನ್ನು ಮುಂದಿನವನ ಬೆನ್ನಿಗೆ ತಗುಲಿಸಿ ಠಾಣೆ ಸ್ಟೇಷನ್ನಿನಿಂದ ನಿಂತು ಬಂದ ಮನುಷ್ಯನ ಕುತ್ತಿಗೆ ಸ್ವಲ್ಪ ಹೊತ್ತು ಅವನದಾಗಿರುವುದಿಲ್ಲ. ಕೂರಿಸಿ ಚಹಾ ಕೊಡಿ. ಭುಜ ತಾನಾಗಿ ಇಳಿಯುತ್ತದೆ. ಈ ಚಹಾದ ಮೇಲೆ ನಮ್ಮ ಕ್ಲಬ್ಬಿನ ಸೆಕ್ರೆಟರಿ ಸಾಹೇಬರಿಗೆ ಸಿಟ್ಟು. ಸೇನೆಯಿಂದ ನಿವೃತ್ತರಾಗಿ ಬಂದವರು, ಎಲ್ಲದಕ್ಕೂ ಒಂದು ನಿಯಮ ಬೇಕು ಅವರಿಗೆ. ಒಂದು ಸಲ ಟೇಪು ಹಿಡಿದು, ಕ್ಲಬ್ಬಿನ ಎಲ್ಲ ರೈಫಲ್‌ಗಳ ಸ್ಕೋಪನ್ನೂ ಒಂದೇ ಅಳತೆಗೆ ಕೂರಿಸಬೇಕೆಂದು ಹುಕುಂ ಮಾಡಿದರು. ಕೂರಿಸಿದೆ. ಅದರ ಮುಂದಿನ ಭಾನುವಾರ ರೇಂಜಿನಲ್ಲಿ ಸಾಲಾಗಿ ನಿಂತವರೆಲ್ಲ ಕಾಂಪೌಂಡ್ ಗೋಡೆಯಾಚೆ ಇಣುಕುವವರ ಹಾಗೆ ಕುತ್ತಿಗೆ ಚಾಚಿಕೊಂಡಿದ್ದರು. ಆ ಅಳತೆಗೆ ಸರಿಹೊಂದಿದವರು ಸೆಕ್ರೆಟರಿ ಸಾಹೇಬರೊಬ್ಬರೇ. ಅದರ ಮರುದಿನ ಟೇಪು ಎಲ್ಲಿ ಹೋಯಿತೋ ಯಾರೂ ಕೇಳಲಿಲ್ಲ.

ಡೊಂಬಿವಲಿಯಲ್ಲಿ ಹೋಟೆಲ್ ನಡೆಸುತ್ತಿದ್ದ ನಮ್ಮ ಊರ ಕಡೆಯ ಶೆಟ್ಟರ ಕತೆಯನ್ನೂ ಹೇಳಿಬಿಡುತ್ತೇನೆ, ನಗುವಂಥದ್ದು ನನ್ನ ಬಳಿ ಇರುವುದು ಇದೊಂದೇ. ಅವರದು ಲೈಸೆನ್ಸಿನ ದೊಡ್ಡ ರೈಫಲ್, ಹಿಂದಕ್ಕೆ ಒದೆಯುವಂಥದ್ದು. ಅಂಥದ್ದಕ್ಕೆ ಸ್ಕೋಪನ್ನು ಕಣ್ಣಿನಿಂದ ಸಾಕಷ್ಟು ದೂರ ಇಡಬೇಕು. ಇಟ್ಟು ಕಳಿಸಿದ್ದೆ. ಅವರು ಮನೆಯಲ್ಲಿ ತಾವೇ ರಿಂಗು ಸಡಿಲಿಸಿ ಹತ್ತಿರಕ್ಕೆ ಎಳೆದುಕೊಂಡರಂತೆ. ಮುಂದಿನ ವಾರ ಹುಬ್ಬಿನ ಮೇಲೆ ಅರ್ಧಚಂದ್ರ ಕೊಯ್ದುಕೊಂಡು ಬಂದು ನಿಂತರು.

“ಎಂತ ಮಾರಾಯ ಭಾಸ್ಕರ, ನಿನ್ನ ದುರ್ಬೀನು ನನ್ನನ್ನೇ ಹೊಡೀತಲ್ಲ.”

“ನಾನು ಆಚೆ ಇಟ್ಟಿದ್ದೆ ಶೆಟ್ರೇ. ಈಚೆ ತಂದದ್ದು ಯಾರು?”

“ಹತ್ತಿರ ಇದ್ರೆ ದೊಡ್ಡ ಕಾಣ್ತದೆ ಅಂತ ಗ್ರಹಿಸಿದೆ. ಈಗ ಹೆಂಡತಿ ಕೇಳ್ತಾಳೆ, ಯಾರ ಜೊತೆ ಜಗಳ ಮಾಡಿದ್ದು ಅಂತ.”

ಈ ಆಚೆ ಈಚೆ ಎಂಬುದು ನನ್ನ ಮೇಜಿನ ಭಾಷೆ. ದಳವಿಯವರು ಹೋದ ಮೇಲೆ ಬಾಯಿಂದ ಬಾಯಿಗೆ ಸುದ್ದಿ ಹರಡಿ ಕನ್ನಡದವರು ಹೆಚ್ಚು ಬರತೊಡಗಿದರು. ಹೋಟೆಲಿನವರು, ಬ್ಯಾಂಕಿನವರು, ನವಿ ಮುಂಬೈಯ ಕಂಪ್ಯೂಟರ್ ಆಫೀಸುಗಳ ಬೆಂಗಳೂರಿನವರು. ಹಿಂದೆ ಮುಂದೆ ಎಂದರೆ ಯಾರ ಹಿಂದೆ ಯಾರ ಮುಂದೆ ಎಂದು ಗೊಂದಲವಾಗುತ್ತಿತ್ತು. ಹಾಗಾಗಿ ಈಚೆ ಎಂದರೆ ಕಣ್ಣಿನ ಕಡೆ, ಆಚೆ ಎಂದರೆ ನಳಿಗೆಯ ತುದಿಯ ಕಡೆ ಎಂದು ಮಾಡಿಕೊಂಡೆ. ಉಡುಪಿ ಕಡೆಯ ನನಗೆ ಆಚೆ ಎಂದರೆ ಆ ಬದಿ, ಅಷ್ಟೆ. ಮೈಸೂರಿನವರ ಬಾಯಲ್ಲಿ ಅದಕ್ಕೆ ಇನ್ನೊಂದು ಅರ್ಥವಿದೆ ಎಂಬುದು ಗೊತ್ತಿರಲಿಲ್ಲ ಎಂದಲ್ಲ. ಮೇಜಿನ ಮುಂದೆ ಅದು ನೆನಪಿಗೆ ಬರುತ್ತಿರಲಿಲ್ಲ.

ಇನ್ನು ವಸುಧಾಳ ವಿಷಯ. ಇಷ್ಟು ಹೊತ್ತು ಬೇರೆ ಏನೇನೋ ಹೇಳಿದ್ದು ಇದನ್ನು ಮುಂದಕ್ಕೆ ಹಾಕುವುದಕ್ಕೇ ಇರಬೇಕು.

ವಸುಧಾ ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು. ಐರೋಲಿಯ ಒಂದು ಫೈನಾನ್ಸ್ ಕಂಪನಿಯಲ್ಲಿ ಕೆಲಸ. ತಂದೆ ನಾಗೇಂದ್ರ ರಾಯರು ಮೈಸೂರಿನವರು, ವಿಮೆಯ ಆಫೀಸಿನಲ್ಲಿದ್ದು ನಿವೃತ್ತರಾದವರು. ತಾಯಿ ತೀರಿಕೊಂಡು ಬಹಳ ಕಾಲವಾಗಿತ್ತು. ಭಾನುವಾರ ಅಪ್ಪ ಮಗಳು ಒಂದೇ ಸ್ಕೂಟರಿನಲ್ಲಿ ಬರುತ್ತಿದ್ದರು. ರಾಯರು ಕನ್ನಡದಲ್ಲಿ ಮಾತಾಡಿದರೆ ಅವಳ ಉತ್ತರ ಹಿಂದಿಯಲ್ಲಿ. ನನ್ನ ಜೊತೆಗೂ ಹಾಗೇ. ಅರ್ಥವೆಲ್ಲ ಆಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ.

ಅವಳದು ಓಡುವ ಗುರಿಯ ಆಟ. ಗುರಿಯ ಕಾಗದ ಒಂದು ಬದಿಯಿಂದ ಕಾಣಿಸಿಕೊಂಡು ಇನ್ನೊಂದು ಬದಿಗೆ ಓಡಿ ಮರೆಯಾಗುತ್ತದೆ. ಅದು ಕಾಣುವ ತನಕ ರೈಫಲ್ಲನ್ನು ಸೊಂಟದ ಬಳಿ ಹಿಡಿದು ಕಾಯಬೇಕು. ಕಂಡ ಮೇಲೆ ಎತ್ತಿ, ಕೆನ್ನೆಗೆ ತಂದು, ಹಿಂಬಾಲಿಸಿ ಹೊಡೆಯಬೇಕು. ಬಿಂಬ ಹುಡುಕುತ್ತಾ ಕುತ್ತಿಗೆ ಆಡಿಸುವಷ್ಟು ಹೊತ್ತು ಯಾರಿಗೂ ಇರುವುದಿಲ್ಲ. ಎತ್ತಿದ ಕೂಡಲೇ ದುಂಡು ಕಾಣಬೇಕು. ಉಳಿದ ಆಟಗಳಲ್ಲಿ ನನ್ನ ಕೆಲಸ ಸ್ವಲ್ಪ ಹೆಚ್ಚುಕಡಿಮೆಯಾದರೆ ನಡೆದೀತು, ಇದರಲ್ಲಿ ನಡೆಯುವುದಿಲ್ಲ. ಅವಳು ರೈಫಲ್ ಎತ್ತುವುದನ್ನು ನೋಡುವುದೇ ಚೆಂದ. ತಲೆ ಅಲ್ಲಾಡುತ್ತಲೇ ಇರಲಿಲ್ಲ, ಮರ ತಾನಾಗಿ ಕೆನ್ನೆಗೆ ಬರುತ್ತಿತ್ತು. ರಾಜ್ಯ ತಂಡದ ಆಯ್ಕೆಗೆ ನಿಲ್ಲಬೇಕೆಂಬುದು ಅವಳ ಆಸೆ. ನಿಲ್ಲುವ ಯೋಗ್ಯತೆಯೂ ಇತ್ತು.

ಒಂದು ದಿನ ಬಂದು, “ಕಾಕಾ, ಥೋಡಾ ಈಚೆ ಕರ್ ದೋ ನಾ” ಎಂದಳು. ಈಚೆ ಎಂಬ ಆ ಒಂದು ಕನ್ನಡ ಪದ ಮಾತ್ರ ನನ್ನ ಮೇಜಿನಿಂದ ಅವಳ ಬಾಯಿಗೆ ಅಂಟಿಕೊಂಡಿತ್ತು. ಕಣ್ಣು ಮುಚ್ಚಿಸಿ ನೋಡಿದೆ. ನಿಜ, ತಲೆ ಮೊದಲಿನಷ್ಟು ಮುಂದೆ ಬರುತ್ತಿರಲಿಲ್ಲ. ಸ್ವಲ್ಪ ಈಚೆ ತಂದೆ. ಕೆಲವು ವಾರ ಕಳೆದು ಮತ್ತೆ ಈಚೆ. ಆಮೇಲೆ ಮತ್ತೆ. ಡೊಂಬಿವಲಿಯಲ್ಲಿ ಕುತ್ತಿಗೆ ನೋವಿಲ್ಲದವರು ಯಾರಿದ್ದಾರೆ? ದಿನಾ ಠಾಣೆಯಲ್ಲಿ ಗಾಡಿ ಬದಲಿಸಿ ಓಡಾಡುವವಳು, ಆಫೀಸಿನಲ್ಲಿ ಇಡೀ ದಿನ ಕಂಪ್ಯೂಟರು. ಕುತ್ತಿಗೆ ಮೂಳೆಯ ಸವೆತ, ಸರ್ವೈಕಲ್ ಇರಬೇಕೆಂದು ಅವಳೂ ಅಂದುಕೊಂಡಳು, ನಾನೂ ಅಂದುಕೊಂಡೆ. ದಿಂಬು ತೆಳ್ಳಗಿರಲಿ ಎಂದು ಸಲಹೆ ಬೇರೆ ಕೊಟ್ಟೆ. ರಾಯರು ನೋವಿನ ಎಣ್ಣೆಯ ಬಾಟಲಿಯನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದರು. ಆದರೆ ನೋವೇ ಇರಲಿಲ್ಲ ಅವಳಿಗೆ. ಬಲ ಇರಲಿಲ್ಲ. ಆ ವ್ಯತ್ಯಾಸ ನಮ್ಮ ಯಾರ ತಲೆಗೂ ಹೋಗಲಿಲ್ಲ. ಕೊನೆಗೆ ನವಿ ಮುಂಬೈಯ ಆಸ್ಪತ್ರೆಯೊಂದಕ್ಕೆ ತೋರಿಸಿ, ಒಂದರ ಹಿಂದೊಂದು ಪರೀಕ್ಷೆ ಶುರುವಾಯಿತು.

ಅದೇ ದಿನಗಳಲ್ಲಿ ಒಂದು ಮಧ್ಯಾಹ್ನ ರಾಯರ ಫೋನು ಬಂತು. ಎಲ್ಲೋ ಸ್ಟೇಷನ್ನಿನಲ್ಲಿದ್ದರು, ಹಿಂದೆ ಅನೌನ್ಸ್‌ಮೆಂಟಿನ ಗದ್ದಲ.

“ಭಾಸ್ಕರ್ ಅವ್ರೇ, ನಮ್ ವಸು ರೈಫಲ್ ಅಲ್ಲೇ ಇದ್ಯಲ್ಲ? ಆ ಸ್ಕೋಪ್‌ನ ಆಚೆ ತೆಗೆದ್ಬಿಡಿ.”

“ಆಚೆಯಾ? ಅವಳು ಈಚೆ ಈಚೆ ಅಂತ ಹೇಳ್ತಾ ಇದ್ದದ್ದಲ್ವಾ ರಾಯರೇ?”

“ಇಲ್ಲ, ಬೇಡ. ಆಚೆನೇ ತೆಗೀರಿ.”

“ಎಷ್ಟು ಆಚೆ?”

“ಎಷ್ಟು ಅಂದ್ರೆ? ಪೂರ್ತಿ ಆಚೆ. ಅವಳ್ಗೆ ಹೇಳೋದು ಮಾತ್ರ...” ಎನ್ನುವಾಗ ಗಾಡಿ ಬಂದ ಸದ್ದಿಗೆ ಉಳಿದದ್ದು ಕೇಳಿಸಲಿಲ್ಲ. ಫೋನು ಕಟ್ಟಾಯಿತು.

ನನಗೆ ಸರಿ ಕಾಣಲಿಲ್ಲ. ಕುತ್ತಿಗೆ ಮುಂದೆ ಚಾಚುವುದು ಒಳ್ಳೆಯ ವ್ಯಾಯಾಮ ಎಂದು ಡಾಕ್ಟರೇ ಹೇಳಿರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ರಿಂಗು ಸಡಿಲಿಸಿ ಸ್ಕೋಪನ್ನು ಪಟ್ಟಿಯ ಆಚೆಯ ತುದಿಗೆ ಒಯ್ದು ಬಿಗಿದು, ರೈಫಲ್ಲನ್ನು ಅದರ ಜಾಗದಲ್ಲಿ ಇಟ್ಟೆ.

ಭಾನುವಾರ ನಾನು ಇನ್ನೊಬ್ಬರ ರೈಫಲ್ ಬಿಚ್ಚಿಕೊಂಡು ಕೂತಿದ್ದಾಗ ವಸುಧಾ ಬಂದು ತನ್ನದನ್ನು ತಾನೇ ತೆಗೆದುಕೊಂಡಳು. ಕಲಿಸಿದ ಹಾಗೆ ಕಣ್ಣು ಮುಚ್ಚಿದಳು, ಎತ್ತಿದಳು, ಕೆನ್ನೆ ಒರಗಿಸಿದಳು, ಕಣ್ಣು ಬಿಟ್ಟಳು. ಇನ್ನೊಂದು ಸಲ ಮಾಡಿದಳು. ಮೂರನೆಯ ಸಲಕ್ಕೆ ರೈಫಲ್ಲನ್ನು ಮೇಜಿನ ಮೇಲೆ ಮಲಗಿಸಿ ಸ್ಟೂಲಿನ ಮೇಲೆ ಕೂತಳು. ಮುಖದಲ್ಲಿ ರಕ್ತವೇ ಇರಲಿಲ್ಲ.

“ಕಾಕಾ, ಖತಮ್. ಕುಛ್ ನಹೀ ದಿಖ್ ರಹಾ. ಏಕ್ ಹಫ್ತೇ ಮೇ ಇತ್ನಾ?”

ಒಂದು ವಾರದಲ್ಲಿ ತನ್ನ ಕುತ್ತಿಗೆ ಪೂರ್ತಿ ಕೈಕೊಟ್ಟಿತು ಎಂದುಕೊಂಡಿದ್ದಳು ಹುಡುಗಿ.

“ಅಲ್ಲ ಮಾರಾಯ್ತಿ, ನಿನ್ನ ಕುತ್ತಿಗೆಗೆ ಎಂತದೂ ಆಗ್ಲಿಲ್ಲ. ಸ್ಕೋಪನ್ನು ನಾನೇ ಆಚೆ ಹಾಕಿದ್ದು. ನೋಡು, ಪಟ್ಟಿಯ ತುದಿಯಲ್ಲಿ ಉಂಟು. ನಿನ್ನ ಅಪ್ಪ ಫೋನು ಮಾಡಿ ಹೇಳಿದ್ರು, ಪೂರ್ತಿ ಆಚೆ ಅಂತ.”

ರಾಯರು ಸ್ಕೂಟರ್ ನಿಲ್ಲಿಸಿ ಆಗಷ್ಟೇ ಬಾಗಿಲಿಗೆ ಬಂದಿದ್ದರು. ಮೇಜಿನ ಮೇಲಿದ್ದ ರೈಫಲ್ ನೋಡಿದರು, ಅದರ ಮೇಲಿದ್ದ ಸ್ಕೋಪ್ ನೋಡಿದರು.

“ಇನ್ನೂ ಆಚೆ ತೆಗ್ದಿಲ್ವಾ ಭಾಸ್ಕರ್?”

“ತೆಗ್ದಿದ್ದೇನಲ್ಲ ರಾಯರೇ. ಇದಕ್ಕಿಂತ ಆಚೆ ಪಟ್ಟಿಯೇ ಇಲ್ಲ.”

“ಅಯ್ಯೋ, ಹಾಗಲ್ಲ. ಆಚೆ ತೆಗೀರಿ ಅಂದ್ರೆ ಬಿಚ್ಚಿ ತೆಗೆದ್ಬಿಡಿ ಅಂತ. ಇರೋದೇ ಬೇಡ ಅಂತ.”

ಹೇಳಿದ ಮೇಲೆ ಅವರಿಗೆ ಮಗಳು ಅಲ್ಲೇ ಕೂತಿರುವುದು ಅರಿವಾಯಿತು. ಬಾಯಿಂದ ಬಿದ್ದ ಮಾತನ್ನು ಎತ್ತಿಕೊಳ್ಳುವ ಹಾಗಿರಲಿಲ್ಲ. ವಸುಧಾ ಎದ್ದು ನಿಂತಳು.

“ಅಪ್ಪಾ, ಕ್ಯೂಂ? ಡಾಕ್ಟರ್‌ನೇ ಕ್ಯಾ ಬೋಲಾ ಆಪ್‌ಕೋ?”

ಅವಳನ್ನು ಇನ್ನೊಂದು ಪರೀಕ್ಷೆಗೆಂದು ಒಳಗೆ ಕಳಿಸಿದ್ದಾಗ ಡಾಕ್ಟರು ಅಪ್ಪನನ್ನು ಕೂರಿಸಿಕೊಂಡು ಹೇಳಿದ್ದರಂತೆ. ಸ್ನಾಯುಗಳು ಸೊರಗುತ್ತಾ ಹೋಗುವ ಕಾಯಿಲೆ. ಮೊದಲು ಕುತ್ತಿಗೆ, ಭುಜ, ಆಮೇಲೆ ಕೈ. ನಿಧಾನ ಮಾಡಬಹುದು, ನಿಲ್ಲಿಸಲು ಆಗುವುದಿಲ್ಲ. ಅಷ್ಟು ದಿನ ಅದನ್ನು ಎದೆಯಲ್ಲಿಟ್ಟುಕೊಂಡು ಓಡಾಡಿದ ಮನುಷ್ಯ ನನ್ನ ವರ್ಕ್‌ಶಾಪಿನಲ್ಲಿ, ಗ್ರೀಸಿನ ಡಬ್ಬಗಳ ಮಧ್ಯೆ ನಿಂತು ಮಗಳಿಗೆ ಹೇಳಬೇಕಾಯಿತು. ನಾನು ಹೊರಗೆ ಹೋಗಬೇಕಿತ್ತು. ರಾಯರು ಬಾಗಿಲಿಗೆ ಅಡ್ಡ ನಿಂತಿದ್ದರು, ದಾಟಿ ಹೋಗುವುದಾದರೂ ಹೇಗೆ? ಗೋಡೆ ಕಡೆ ಮುಖ ಮಾಡಿ ನಿಂತುಕೊಂಡೆ.

ಬೆನ್ನ ಹಿಂದಿನಿಂದ ಅವಳ ಧ್ವನಿ ಕೇಳಿಸಿತು.

“ಕಾಕಾ, ಈಚೆ ಲೇಕೆ ಆವೋ.”

ರಾಯರು ತಲೆ ಅಲ್ಲಾಡಿಸಿದರು. “ಬೇಡ ವಸು. ಯಾಕ್ ಸುಮ್ನೆ? ಇವತ್ತಲ್ಲ ನಾಳೆ ಬಿಡ್ಬೇಕಾಗುತ್ತೆ.”

“ನಾಳೆ ಛೋಡೂಂಗೀ” ಎಂದಳು.

ನಾನು ಯಾರ ಮಾತು ಕೇಳಬೇಕು? ರೈಫಲ್ ಅವಳದು. ರಿಂಗು ಸಡಿಲಿಸಿ, ಸ್ಕೋಪನ್ನು ಹಳೆಯ ಜಾಗಕ್ಕೆ, ಅಲ್ಲಿಂದ ಇನ್ನೂ ಸ್ವಲ್ಪ ಈಚೆಗೆ ತಂದೆ. ಅವಳು ಕಣ್ಣು ಮುಚ್ಚಿ ಎತ್ತಿದಳು. ಕಣ್ಣು ಬಿಡು ಎಂದೆ. ಗ್ರಹಣ ಬಿಟ್ಟಿತ್ತು.

ಆಯ್ಕೆಯ ಪಂದ್ಯಕ್ಕೆ ಅವಳು ಹೋದಳು. ನಾನೂ ಹೋಗಿದ್ದೆ. ಗುರಿಯ ನಿಧಾನದ ಓಟದಲ್ಲಿ ಚೆನ್ನಾಗಿ ಹೊಡೆದಳು, ವೇಗದ್ದರಲ್ಲಿ ಕೈ ಸೋತಿತು. ಆಯ್ಕೆಯಾಗಲಿಲ್ಲ. ಅಲ್ಲಿಗೆ ಬಿಡುತ್ತಾಳೆ ಎಂದುಕೊಂಡಿದ್ದೆ. ಮುಂದಿನ ಭಾನುವಾರ ಮತ್ತೆ ಸ್ಕೂಟರಿನ ಸದ್ದು. ಈಗ ರೈಫಲ್ಲಿನ ಪೆಟ್ಟಿಗೆ ಹೊರುವುದು ರಾಯರ ಕೆಲಸವಾಗಿತ್ತು.

ಸ್ಕೋಪ್ ಈಚೆ ಬರುತ್ತಲೇ ಇತ್ತು. ನಮ್ಮ ಕೆಲಸದಲ್ಲಿ ಒಬ್ಬರ ಸ್ಕೋಪನ್ನು ಒಂದು ಸಲ ಕೂರಿಸಿದರೆ ಮುಗಿಯಿತು, ವರ್ಷಗಟ್ಟಲೆ ಮುಟ್ಟುವಂತಿಲ್ಲ. ಇವಳದರ ರಿಂಗಿನ ಸ್ಕ್ರೂಗಳ ತಲೆ ನನ್ನ ಕೀಲಿಗೆ ಸವೆದುಹೋಗಿ ಹೊಸದು ಹಾಕಬೇಕಾಯಿತು. ಪಟ್ಟಿಯ ಮೇಲೆ ಸ್ಕೋಪ್ ಕೂತಿದ್ದ ಜಾಗಗಳ ಗುರುತು ಒಂದರ ಪಕ್ಕ ಒಂದು, ನಳಿಗೆಯ ಕಡೆಯಿಂದ ಕಣ್ಣಿನ ಕಡೆಗೆ. ಅವಳು ಅದನ್ನು ನೋಡದಿರಲಿ ಎಂದು ಎಣ್ಣೆ ಬಟ್ಟೆಯಿಂದ ತಿಕ್ಕುತ್ತಿದ್ದೆ. ಹೋಗುತ್ತಿರಲಿಲ್ಲ.

ಒಂದು ದಿನ ಪಟ್ಟಿ ಮುಗಿಯಿತು. ಇನ್ನು ಈಚೆ ತರಲು ಜಾಗವಿಲ್ಲ. ಅದನ್ನು ಹೇಗೆ ಹೇಳುವುದೆಂದು ನಾನು ಕೀಲಿ ಹಿಡಿದು ಯೋಚಿಸುತ್ತಿದ್ದಾಗ, ವಸುಧಾ ಆ ಕಡೆ ಹೋದದ್ದನ್ನು ನೋಡಿಕೊಂಡು ರಾಯರು ಹತ್ತಿರ ಬಂದರು.

“ಭಾಸ್ಕರ್, ಈ ಪಟ್ಟಿಗೆ ಇನ್ನೊಂದು ತುಂಡು ಜೋಡಿಸೋಕಾಗುತ್ತಾ? ಎಲ್ಲಾದ್ರೂ ಮಾಡ್ತಾರಾ? ಎಲ್ಲಾದ್ರೂ ಸರಿ, ನಾನ್ ಹೋಗಿ ತರ್ತೀನಿ.”

ಬಿಚ್ಚಿ ತೆಗೆಯಿರಿ ಎಂದಿದ್ದ ಅದೇ ಮನುಷ್ಯ. ಅವರ ಕಣ್ಣು ನೋಡಲು ನನಗೆ ಧೈರ್ಯ ಬರಲಿಲ್ಲ. “ನಾನೇ ಮಾಡ್ತೇನೆ ರಾಯರೇ” ಎಂದೆ. ವಿಠ್ಠಲವಾಡಿಯಲ್ಲಿ ನನ್ನ ಮನೆ ಹತ್ತಿರ ಒಬ್ಬ ಪರಿಚಯದವನ ಲೇತು, ಮಿಲ್ಲಿಂಗ್ ಮಷಿನ್ನು ಇತ್ತು. ಅಲ್ಲಿ ಕೂತು ಅಲ್ಯೂಮಿನಿಯಮ್ಮಿನ ಒಂದು ತುಂಡು ಕೊರೆದೆ. ಪಟ್ಟಿಯನ್ನು ಕಚ್ಚಿಕೊಂಡು, ಛರ್ರೆ, ಅಂದರೆ ಸೀಸದ ಸಣ್ಣ ಗುಂಡು, ಹಾಕುವ ಜಾಗಕ್ಕೆ ಅಡ್ಡ ಬಾರದ ಹಾಗೆ ಮೇಲಿಂದ ಕಣ್ಣಿನ ಕಡೆಗೆ ಚಾಚುವಂಥದ್ದು. ನಾನು ಮಾಡಿದ ಕೆಲಸಗಳಲ್ಲಿ ಅಷ್ಟು ನಯವಾದದ್ದು ಇನ್ನೊಂದಿಲ್ಲ. ಹೊಸಬರಿಗೆ ಹೇಳುತ್ತೇನೆ, ಅಂಥ ತುಂಡು ಮಾಡುವ ಸಂದರ್ಭ ನಿಮಗೆ ಬರದಿರಲಿ.

ಆ ತುಂಡು ಒಂದು ಮಳೆಗಾಲ ಕಳೆಸಿತು. ಪಂದ್ಯವಿಲ್ಲ, ಓಡುವ ಗುರಿಯೂ ಇಲ್ಲ. ನಿಂತ ಗುರಿಗೆ ನಾಲ್ಕು ಹೊಡೆದು, ಚಹಾ ಕುಡಿದು ಹೋಗುತ್ತಿದ್ದರು. ಆಮೇಲೆ ನಾಲ್ಕೂ ಕಷ್ಟವಾಯಿತು. ಆಫೀಸಿನವರು ಮನೆಯಿಂದಲೇ ಕೆಲಸ ಮಾಡಲು ಬಿಟ್ಟಿದ್ದರು. ಸ್ಕೂಟರಿನ ಹಿಂದೆ ಕೂರಲು ಆಗದೆ ರಿಕ್ಷಾದಲ್ಲಿ ಬರತೊಡಗಿದಳು. ಕುತ್ತಿಗೆಗೆ ಆಸರೆಯ ಒಂದು ಪಟ್ಟಿ ಬಂತು. ರಾಯರು ಮೊದಲಿಗಿಂತ ಜಾಸ್ತಿ ಮಾತಾಡುತ್ತಿದ್ದರು, ಮಳೆ, ಲೋಕಲ್ಲು, ತರಕಾರಿ, ಏನಾದರೂ. ಕೇಳಿಸಿಕೊಳ್ಳುವವರು ಇಬ್ಬರೂ ಹೂಂ ಎನ್ನುತ್ತಿದ್ದೆವು.

ನನ್ನ ನಿವೃತ್ತಿಗೆ ಸ್ವಲ್ಪ ಮೊದಲು ಒಂದು ಭಾನುವಾರ ಇಬ್ಬರೂ ಬಂದರು. ನಾನು ವಾಡಿಕೆಯಂತೆ ಕೀಲಿ ಕೈಗೆತ್ತಿಕೊಂಡು, ಈಚೆ ತರಲೇ ಎಂದು ಕೇಳಿದೆ. ವಸುಧಾ ಸ್ಟೂಲಿನ ಮೇಲೆ ಕೂತು ಕುತ್ತಿಗೆ ಪಟ್ಟಿ ಬಿಚ್ಚಿ ಅಪ್ಪನ ಕೈಗೆ ಕೊಟ್ಟಳು. ಆಮೇಲೆ ನನಗೆ ಹೇಳಿದಳು, ಕನ್ನಡದಲ್ಲಿ, ಒಂದೊಂದೇ ಪದ ಹುಡುಕಿ.

“ಇಲ್ಲ ಕಾಕಾ. ಇವತ್ತು ಆಚೆ ತೆಗೀರಿ.”

ನನಗೆ ಕೇಳಿಸಿತ್ತು. ಆದರೂ ಕೇಳಿದೆ. “ಯಾವ ಆಚೆ?”

“ಅಪ್ಪಂದು ಆಚೆ.”

ರಾಯರು ಕುತ್ತಿಗೆ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದರು.

ಬಿಚ್ಚುವ ಮೊದಲು ಒಂದು ಸಲ ಎತ್ತುತ್ತೇನೆ ಎಂದಳು. ರೈಫಲ್ಲಿನ ಭಾರ ನಾನು ಕೆಳಗಿನಿಂದ ಹಿಡಿದುಕೊಂಡೆ. ಅವಳು ಕಣ್ಣು ಮುಚ್ಚಿದಳು. ಮರವನ್ನು ಕೆನ್ನೆಗೆ ತರಲು ಹೊತ್ತು ಹಿಡಿಯಿತು, ತಲೆಯನ್ನು ರಾಯರು ಹಿಂದಿನಿಂದ ಮೆಲ್ಲಗೆ ಒಂದು ಕೈಯಲ್ಲಿ ಆನಿಸಿ ಹಿಡಿದರು. ಕೆನ್ನೆ ಒರಗಿತು. ಮುಖ ಹಗುರಾಯಿತು, ಹಳೆಯ ದಿನಗಳಲ್ಲಿ ಇರುತ್ತಿದ್ದ ಹಾಗೆ. ಹಾಗೇ ಇದ್ದಳು.

ಈಗ ಕಣ್ಣು ಬಿಡು ಎನ್ನಬೇಕಾದದ್ದು ನನ್ನ ಕೆಲಸ. ಸಾವಿರಾರು ಜನರಿಗೆ ಹೇಳಿದ ಮಾತು. ಸ್ಕೋಪಿನಲ್ಲಿ ಕಾಣುವುದು ಗ್ರಹಣವೇ ಎಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ನಾನು ಹೇಳಲಿಲ್ಲ, ಅವಳು ಬಿಡಲಿಲ್ಲ.